ಸೆನೆಗಲ್ ಹೊಟ್ಟೆಯೊಳಗಿನ ಗ್ಯಾಂಬಿಯಾ

ಆಫ್ರಿಕಾದ ನಕ್ಷೆ ತೆಗೆದು ಪಶ್ಚಿಮದ ತುದಿಗೆ ಕಣ್ಣು ಹಾಯಿಸಿ. ಅಲ್ಲಿ ಸೆನೆಗಲ್ ಇದೆ. ಅದರ ಹೊಟ್ಟೆಯೊಳಗೆ, ಸಮುದ್ರದ ಕಡೆಯಿಂದ ಒಳಕ್ಕೆ ಹೊಕ್ಕ ಹಾಗೆ, ಅಂಕುಡೊಂಕಾದ ಒಂದು ತೆಳ್ಳನೆಯ ಪಟ್ಟಿ ಕಾಣುತ್ತದೆ. ಅದೇ ಗ್ಯಾಂಬಿಯಾ. ಉದ್ದ 300 ಕಿಲೋಮೀಟರಿಗೂ ಜಾಸ್ತಿ, ಅಗಲ ಎಲ್ಲೂ 50 ಕಿಲೋಮೀಟರ್ ದಾಟುವುದಿಲ್ಲ, ಎಷ್ಟೋ ಕಡೆ ಅದರ ಅರ್ಧದಷ್ಟೂ ಇಲ್ಲ. ಮೂರು ದಿಕ್ಕಿಗೂ ಸೆನೆಗಲ್, ನಾಲ್ಕನೆಯದಕ್ಕೆ ಅಟ್ಲಾಂಟಿಕ್ ಸಾಗರ. ವಿಸ್ತೀರ್ಣ ಸುಮಾರು 11,300 ಚದರ ಕಿಲೋಮೀಟರ್, ಜನ 24 ಲಕ್ಷದ ಆಸುಪಾಸು. ನೆಲದಲ್ಲೂ ಜನದಲ್ಲೂ ಹೆಚ್ಚುಕಮ್ಮಿ ನಮ್ಮ ತುಮಕೂರು ಜಿಲ್ಲೆಯಷ್ಟು ಅಂದುಕೊಳ್ಳಿ. ದ್ವೀಪಗಳನ್ನು ಬಿಟ್ಟರೆ ಆಫ್ರಿಕಾದಲ್ಲಿ ಇದಕ್ಕಿಂತ ಸಣ್ಣ ದೇಶ ಇಲ್ಲ.

ಇಂಥ ವಿಚಿತ್ರ ಆಕಾರ ಯಾಕೆ ಬಂತು ಅನ್ನುವುದು ಗೊತ್ತಾದರೆ, ಅಲ್ಲಿನ ವ್ಯಾಪಾರ, ಜಗಳ, ಸರ್ಕಾರ ಎಲ್ಲದಕ್ಕೂ ಅರ್ಧ ಉತ್ತರ ಸಿಕ್ಕ ಹಾಗೆ. ಕಾರಣ ತುಂಬಾ ಸರಳ. ಬ್ರಿಟಿಷರಿಗೆ ನದಿ ಬೇಕಿತ್ತು. ನೆಲದ ಮೇಲೆ ಅಷ್ಟೇನೂ ಆಸೆ ಇರಲಿಲ್ಲ.

ಗ್ಯಾಂಬಿಯಾ ನದಿ ಹುಟ್ಟುವುದು ದೂರದ ಗಿನಿ ದೇಶದ ಫೂತಾ ಜಲೋನ್ ಬೆಟ್ಟಗಳಲ್ಲಿ. ಅಲ್ಲಿಂದ 1,100 ಕಿಲೋಮೀಟರ್ ಹರಿದು ಬಾಂಜುಲ್ ಹತ್ತಿರ ಸಮುದ್ರ ಸೇರುತ್ತದೆ. ಆಫ್ರಿಕಾದ ಎಷ್ಟೋ ದೊಡ್ಡ ನದಿಗಳಲ್ಲಿ ಜಲಪಾತ, ಮರಳುದಿಬ್ಬ ಇರುವುದರಿಂದ ಹಡಗು ಒಳಗೆ ಬರುವುದು ಕಷ್ಟ. ಇಲ್ಲಿ ಆ ತೊಂದರೆ ಇಲ್ಲ, ನೂರಾರು ಕಿಲೋಮೀಟರ್ ಒಳಗಿನವರೆಗೂ ಸರಾಗವಾಗಿ ಬರಬಹುದು. ಆ ಸಲೀಸು ದಾರಿಯೇ ಅಲ್ಲಿನ ಜನರಿಗೆ ಮುಳುವಾಯಿತು. ಯುರೋಪಿನವರು ಇದೇ ದಾರಿಯಲ್ಲಿ ಒಳಗೆ ಬಂದು ಗುಲಾಮರನ್ನು ಕೊಂಡು ಸಾಗಿಸಿದರು. ನದಿಯ ನಡುವೆ ಒಂದು ಪುಟ್ಟ ದ್ವೀಪವಿದೆ. ಅಲ್ಲಿ ಕೋಟೆ ಕಟ್ಟಿ ಜನರನ್ನು ಕೂಡಿಹಾಕಿ, ಹಡಗು ಹತ್ತಿಸುತ್ತಿದ್ದರು. ಬಹಳ ಕಾಲ ಅದಕ್ಕೆ ಜೇಮ್ಸ್ ದ್ವೀಪ ಎಂಬ ಹೆಸರಿತ್ತು, 2011ರಿಂದ ಕುಂಟಾ ಕಿಂಟೆ ದ್ವೀಪ. ಕೋಟೆಯ ಮುರುಕು ಗೋಡೆಗಳು ಈಗಲೂ ಇವೆ, ದ್ವೀಪವನ್ನೇ ನೀರು ಕೊರೆದು ಸಣ್ಣದು ಮಾಡುತ್ತಿದೆ.

1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿತು. ಆಮೇಲೆ 1816ರಲ್ಲಿ ನದಿಯ ಬಾಯಲ್ಲೇ ಬ್ಯಾಥರ್ಸ್ಟ್ ಎಂಬ ಊರು ಕಟ್ಟಿತು, ಆ ವ್ಯಾಪಾರದ ಹಡಗುಗಳನ್ನು ತಡೆಯುವುದಕ್ಕೆ. ಅದೇ ಇವತ್ತಿನ ರಾಜಧಾನಿ ಬಾಂಜುಲ್, 1973ರಲ್ಲಿ ಹೆಸರು ಬದಲಾಯಿತು. ಸುತ್ತಲಿನ ಪ್ರದೇಶ ಮಾತ್ರ ನಿಧಾನವಾಗಿ ಫ್ರೆಂಚರ ಕೈಸೇರುತ್ತಾ ಹೋಯಿತು. ಈ ಪಟ್ಟಿಯನ್ನು ಫ್ರಾನ್ಸಿಗೆ ಕೊಟ್ಟು ಬೇರೆಲ್ಲಾದರೂ ಜಾಗ ತೆಗೆದುಕೊಳ್ಳೋಣ ಎಂದು ಬ್ರಿಟಿಷರು 1860-70ರ ದಶಕಗಳಲ್ಲಿ ಮಾತುಕತೆಯನ್ನೂ ನಡೆಸಿದ್ದರು, ಅದು ಕುದುರಲಿಲ್ಲ. ಕೊನೆಗೆ 1889ರಲ್ಲಿ ಇಬ್ಬರೂ ಪ್ಯಾರಿಸ್‌ನಲ್ಲಿ ಕೂತು, ನದಿಯ ಎರಡೂ ದಡದಿಂದ ಸುಮಾರು 10 ಕಿಲೋಮೀಟರ್ ದೂರಕ್ಕೆ ಗೆರೆ ಎಳೆದರು. ನದಿ ತಿರುಗಿದ ಕಡೆ ಗೆರೆಯೂ ತಿರುಗಿತು. ಯುದ್ಧನೌಕೆಯಿಂದ ಎರಡೂ ಕಡೆ ಫಿರಂಗಿ ಹಾರಿಸಿ, ಗುಂಡು ಬಿದ್ದಲ್ಲಿಗೆ ಗಡಿ ಅಂದರು ಎಂಬ ಕಥೆ ನೆಟ್‌ನಲ್ಲಿ ಚೆನ್ನಾಗಿ ಓಡುತ್ತದೆ. ಕೇಳೋಕೆ ಮಜಾ, ಆದರೆ ಅದು ಸುಮ್ನೆ ಕಥೆ.

ಗೆರೆ ಎಳೆದವರು ಅಲ್ಲಿ ಯಾರಿದ್ದಾರೆ ಎಂದು ನೋಡಲಿಲ್ಲ. ಮಂಡಿಂಕಾ, ಫುಲಾ, ವೊಲೊಫ್, ಜೋಲಾ, ಸೆರಹುಲೆ, ಸೆರೆರ್, ಹೀಗೆ ಗ್ಯಾಂಬಿಯಾದಲ್ಲಿರುವ ಮುಖ್ಯ ಸಮುದಾಯಗಳೆಲ್ಲ ಸೆನೆಗಲ್‌ನಲ್ಲೂ ಇವೆ. ಗ್ಯಾಂಬಿಯಾದಲ್ಲಿ ಮಂಡಿಂಕಾ ಜನ ಮೂರನೇ ಒಂದು ಭಾಗದಷ್ಟಿದ್ದಾರೆ, ಆಮೇಲೆ ಫುಲಾ, ವೊಲೊಫ್, ಜೋಲಾ. ಅಣ್ಣ ಗಡಿಯ ಈಚೆ, ತಂಗಿಯ ಗಂಡನ ಮನೆ ಆಚೆ, ಇದು ತೀರಾ ಮಾಮೂಲು. ಅಡ್ಡಹೆಸರೂ ಒಂದೇ, ಸ್ಪೆಲಿಂಗ್ ಬೇರೆ ಅಷ್ಟೇ. ಆ ಕಡೆ ಫ್ರೆಂಚ್ ಗುಮಾಸ್ತ ಬರೆದ ರೀತಿ, ಈ ಕಡೆ ಇಂಗ್ಲಿಷ್ ಗುಮಾಸ್ತ ಬರೆದ ರೀತಿ. ಹಾಗಾಗಿ ಸೆನೆಗಲ್‌ನ ದ್ಯೋಪ್ ಮನೆತನದವರು ಗ್ಯಾಂಬಿಯಾದಲ್ಲಿ ಜೋಬ್, ಅಲ್ಲಿನ ಎನ್‌ಜಾಯ್ ಇಲ್ಲಿ ಎನ್‌ಜೀ.

ಈ ಎರಡು ಮನೆತನಗಳ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರ ನಡುವೆ ತಮಾಷೆಯ ನಂಟಿದೆ. ಜೋಬ್ ಒಬ್ಬ ಎನ್‌ಜೀ ಒಬ್ಬನನ್ನು ಮೊದಲ ಸಲ ನೋಡಿದರೂ ಸರಿ, ನೀನು ಹೊಟ್ಟೆಬಾಕ, ನಮ್ಮ ಮನೆ ಆಳು ಎಂದು ಛೇಡಿಸಬಹುದು, ಅವನೂ ತಿರುಗಿಸಿ ಕೊಡುತ್ತಾನೆ, ಕೋಪ ಮಾಡಿಕೊಳ್ಳುವ ಹಾಗಿಲ್ಲ. ಜೋಲಾ ಮತ್ತು ಸೆರೆರ್ ಸಮುದಾಯಗಳ ನಡುವೆಯೂ ಇದೇ ಸಲಿಗೆ. ಸರ್ಕಾರಿ ಕಚೇರಿಯ ಕ್ಯೂನಲ್ಲಿ, ಚೆಕ್‌ಪೋಸ್ಟ್‌ನಲ್ಲಿ, ಜಗಳ ಬಿಡಿಸುವಾಗ ಈ ನಂಟು ನಿಜಕ್ಕೂ ಕೆಲಸ ಮಾಡುತ್ತದೆ. ಇಷ್ಟು ಭಾಷೆ, ಇಷ್ಟು ಸಮುದಾಯಗಳಿದ್ದೂ ಅಲ್ಲಿ ಜನಾಂಗದ ಹೆಸರಲ್ಲಿ ಅಂತರ್ಯುದ್ಧ ಆಗಿಲ್ಲ. ಅದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಇದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ. ಅಂತರ್ಜಾತಿ ಅನ್ನುವಂಥ ಮದುವೆಗಳು ಮಾಮೂಲು. ನೂರಕ್ಕೆ ಸುಮಾರು 95 ಮಂದಿ ಮುಸ್ಲಿಮರು, ಉಳಿದವರಲ್ಲಿ ಹೆಚ್ಚಿನವರು ಕ್ರೈಸ್ತರು. ಬಕ್ರೀದಿಗೆ ಅಲ್ಲಿ ತೊಬಾಸ್ಕಿ ಅನ್ನುತ್ತಾರೆ, ಕ್ರಿಸ್ಮಸ್‌ಗೂ ಸರ್ಕಾರಿ ರಜೆ ಇದೆ. ಆಡಳಿತ ಭಾಷೆ ಇಂಗ್ಲಿಷ್. ಹಳ್ಳಿ ಕಡೆ ಮಂಡಿಂಕಾ, ಬಾಂಜುಲ್ ಮತ್ತು ಸೆರೆಕುಂಡಾ ಮಾರುಕಟ್ಟೆಯಲ್ಲಿ ವೊಲೊಫ್ ಜಾಸ್ತಿ, ಮೂರು ನಾಲ್ಕು ಭಾಷೆ ಬಲ್ಲವರು ಬೇಕಾದಷ್ಟು ಸಿಗುತ್ತಾರೆ.

ಮತ್ತೆ ನದಿಗೆ ಬರೋಣ. ನೆಲ ಎಷ್ಟು ಸಪಾಟಾಗಿದೆ ಅಂದರೆ ಸಮುದ್ರದ ಉಬ್ಬರ ಇಳಿತ ಇಡೀ ದೇಶವನ್ನು ದಾಟಿ ಸೆನೆಗಲ್ ಒಳಗಿನವರೆಗೂ ಗೊತ್ತಾಗುತ್ತದೆ. ಮಳೆ ಬರುವುದು ಜೂನ್‌ನಿಂದ ಅಕ್ಟೋಬರ್, ಉಳಿದ ತಿಂಗಳು ಒಣ. ಬೇಸಿಗೆಯಲ್ಲಿ ನದಿಯ ಸಿಹಿನೀರು ಕಡಿಮೆಯಾದಾಗ ಉಪ್ಪುನೀರು ನೂರೈವತ್ತು ಕಿಲೋಮೀಟರಿಗೂ ಮೀರಿ ಮೇಲಕ್ಕೆ ನುಗ್ಗುತ್ತದೆ. ಹಾಗಾಗಿ ಕೆಳಗಿನ ಅರ್ಧದಲ್ಲಿ ದಡದ ತುಂಬ ಕಾಂಡ್ಲಾ ಗಿಡ, ಕೆಸರು, ಚಿಪ್ಪುಮೀನು. ಕಣ್ಣೆದುರೇ ನದಿ ತುಂಬಿ ಹರಿದರೂ ಆ ನೀರನ್ನು ಗದ್ದೆಗೆ ಬಿಡುವ ಹಾಗಿಲ್ಲ. ಭತ್ತಕ್ಕೆ ನೀರು ಹಾಯಿಸಬೇಕಾದರೆ ಒಳನಾಡಿಗೆ, ಜಾಂಜಾಂಬುರೆ ಕಡೆಗೆ ಹೋಗಬೇಕು. ಜನ ಹೆಚ್ಚಾಗಿ ಅನ್ನ ಉಣ್ಣುವವರು, ಒಂದೇ ಪಾತ್ರೆಯಲ್ಲಿ ಅಕ್ಕಿ, ಮೀನು, ತರಕಾರಿ ಹಾಕಿ ಮಾಡುವ ಬೆನಚಿನ್ ಅಲ್ಲಿನ ಮನೆಮನೆಯ ಊಟ. ಆದರೆ ಅಕ್ಕಿಯ ಬಹುಪಾಲು ಹೊರಗಿನಿಂದ ಬರಬೇಕು. ಅದರಲ್ಲೂ ನುಚ್ಚಕ್ಕಿಗೆ ಬೇಡಿಕೆ. ಭಾರತ 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿ ರಫ್ತು ನಿಲ್ಲಿಸಿದಾಗ ಅಲ್ಲಿಗೆ ಬಿಸಿ ತಟ್ಟಿತು. ಮುಂದಿನ ವರ್ಷ ದೇಶದಿಂದ ದೇಶಕ್ಕೆ ಲೆಕ್ಕ ಹಾಕಿ ವಿನಾಯಿತಿ ಕೊಟ್ಟಾಗ ಗ್ಯಾಂಬಿಯಾಕ್ಕೆ 50,000 ಟನ್ ಸಿಕ್ಕಿತು.

ಮಾರುವುದಕ್ಕೆ ಬೆಳೆಯುವುದು ಕಡಲೆಕಾಯಿ. 1830ರ ದಶಕದಿಂದ ಇಲ್ಲಿಯ ರಫ್ತು ಅಂದರೆ ಅದೇ. ಒಂದೇ ಬೆಳೆ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಇತ್ತೀಚೆಗೆ ಗೇರುಬೀಜವೂ ಸೇರಿದೆ. ಅದು ಬಾಂಜುಲ್ ಬಂದರಿನಿಂದ ಭಾರತಕ್ಕೂ ವಿಯೆಟ್ನಾಮಿಗೂ ಹಡಗೇರುತ್ತದೆ. ಮಂಗಳೂರು, ಉಡುಪಿ ಕಡೆಯ ಗೇರುಬೀಜದ ಕಾರ್ಖಾನೆಗಳು ಪಶ್ಚಿಮ ಆಫ್ರಿಕಾದ ಕಚ್ಚಾ ಬೀಜ ನಂಬಿಕೊಂಡೇ ವರ್ಷಪೂರ್ತಿ ನಡೆಯುವುದು, ಅಲ್ವಾ? ತಮಾಷೆ ಏನೆಂದರೆ ಬಾಂಜುಲ್‌ನಲ್ಲಿ ಹಡಗೇರುವ ಬೀಜದಲ್ಲಿ ದೊಡ್ಡ ಪಾಲು ಗ್ಯಾಂಬಿಯಾದ್ದೇ ಅಲ್ಲ, ದಕ್ಷಿಣಕ್ಕಿರುವ ಸೆನೆಗಲ್‌ನ ಕಸಮಾನ್ಸ್ ಪ್ರದೇಶದಿಂದ ಬಂದದ್ದು. ಈ ದೇಶದ ಹಳೆಯ ಕಸುಬೇ ಇದು. ಹೊರಗಿನ ಸಾಮಾನನ್ನು ಕಡಿಮೆ ಸುಂಕದಲ್ಲಿ ತರಿಸಿ, ಸೆನೆಗಲ್, ಮಾಲಿ, ಗಿನಿಗೆ ದಾಟಿಸುವುದು. ಸಕ್ಕರೆ, ಬಟ್ಟೆ, ಎಣ್ಣೆ, ಸೋಪು, ಎಲ್ಲ. ಸೆನೆಗಲ್ ಇದನ್ನು ಕಳ್ಳಸಾಗಣೆ ಅನ್ನುತ್ತದೆ, ಬಾಂಜುಲ್ ವ್ಯಾಪಾರ ಅನ್ನುತ್ತದೆ.

ಸೆನೆಗಲ್‌ಗೆ ಇನ್ನೂ ದೊಡ್ಡ ತಲೆನೋವಿದೆ. ತನ್ನದೇ ಕಸಮಾನ್ಸ್‌ಗೆ ರಾಜಧಾನಿ ಡಕಾರ್‌ನಿಂದ ಹೋಗಬೇಕಾದರೆ ಗ್ಯಾಂಬಿಯಾ ಅಡ್ಡ ಬರುತ್ತದೆ. ಅಡ್ಡ ದಾಟಿದರೆ ಕೆಲವೇ ಕಿಲೋಮೀಟರ್, ಸುತ್ತಿ ಹೋದರೆ ನೂರಾರು. ದಾಟೋಣ ಅಂದರೆ ನದಿ, ನದಿಗೆ ಹಳೆಯ ಫೆರಿ. ಲಾರಿಗಳು ದಿನಗಟ್ಟಲೆ ಕಾಯುತ್ತಿದ್ದವು, ಹಣ್ಣು ತರಕಾರಿ ಅಲ್ಲೇ ಕೊಳೆಯುತ್ತಿತ್ತು. 2016ರ ಫೆಬ್ರವರಿಯಲ್ಲಿ ಗ್ಯಾಂಬಿಯಾ ಸರ್ಕಾರ ಸೆನೆಗಲ್ ಲಾರಿಗಳ ಶುಲ್ಕವನ್ನು 4,000 ಫ್ರಾಂಕ್‌ನಿಂದ ಏಕಾಏಕಿ 4 ಲಕ್ಷ ಫ್ರಾಂಕ್‌ಗೆ ಏರಿಸಿತು. ನೂರು ಪಟ್ಟು! ಸೆನೆಗಲ್ ಲಾರಿಯವರು ಗಡಿಯನ್ನೇ ಬಂದ್ ಮಾಡಿ ಕೂತರು, ಮೇ ತನಕ ಬಿಡಲಿಲ್ಲ. ಗ್ಯಾಂಬಿಯಾ ಪೇಟೆಗಳಲ್ಲಿ ಸಾಮಾನು ತುಟ್ಟಿಯಾಯಿತು. ಫರಾಫೆನ್ನಿ ಹತ್ತಿರ ಸೇತುವೆ ಕಟ್ಟಬೇಕು ಅನ್ನುವ ಮಾತು ದಶಕಗಳಿಂದ ಇತ್ತು. ಅದು ತೆರೆದದ್ದು 2019ರ ಜನವರಿಯಲ್ಲಿ, ಎರಡೂ ದೇಶದ ಅಧ್ಯಕ್ಷರು ಒಟ್ಟಿಗೆ ನಿಂತು ಉದ್ಘಾಟಿಸಿದರು. ಇಷ್ಟು ಕಾಲ ಯಾಕೆ ಬೇಕಾಯಿತು ಅನ್ನುವುದಕ್ಕೆ ದುಡ್ಡಿನ ಜೊತೆ ಇನ್ನೊಂದು ಕಾರಣವೂ ಇತ್ತು. ಫೆರಿ ಅಂದರೆ ಗ್ಯಾಂಬಿಯಾಕ್ಕೆ ಆದಾಯ, ಜೊತೆಗೆ ದೊಡ್ಡ ನೆರೆಯವನ ಜುಟ್ಟು ತನ್ನ ಕೈಯಲ್ಲಿ.

ಇನ್ನು ಸರ್ಕಾರದ ವಿಷಯ. ಕಾಗದದ ಮೇಲೆ ಸರಳವಾಗಿದೆ. ಜನರಿಂದ ನೇರ ಆಯ್ಕೆಯಾಗುವ ಅಧ್ಯಕ್ಷ, ಐದು ವರ್ಷದ ಅವಧಿ, ಯಾರಿಗೆ ಜಾಸ್ತಿ ವೋಟು ಬಿತ್ತೋ ಅವರು ಗೆದ್ದ ಹಾಗೆ, ಅರ್ಧಕ್ಕಿಂತ ಹೆಚ್ಚು ಬೇಕೆಂದಿಲ್ಲ. ಎಷ್ಟು ಸಲ ಬೇಕಾದರೂ ನಿಲ್ಲಬಹುದು, ಮಿತಿ ಇಲ್ಲ. ರಾಷ್ಟ್ರೀಯ ಸಭೆಯಲ್ಲಿ 58 ಸ್ಥಾನ, ಅದರಲ್ಲಿ 53 ಚುನಾಯಿತರು, 5 ಮಂದಿ ಅಧ್ಯಕ್ಷರೇ ನೇಮಿಸಿದವರು. ಸ್ಪೀಕರ್ ಆಗುವವರು ಆ ಐವರಲ್ಲೇ ಒಬ್ಬರಾಗಿರಬೇಕು! ಕೆಳಗೆ ಐದು ಪ್ರಾಂತ್ಯಗಳು, ಬಾಂಜುಲ್ ನಗರ, ಕಾನಿಫಿಂಗ್ ಪುರಸಭೆ. ಇನ್ನೂ ಕೆಳಗೆ ಸೇಫೊ ಅನ್ನುವ ಮುಖಂಡರು, ಹಳ್ಳಿಗೊಬ್ಬ ಅಲ್ಕಾಲೊ. ಹಳ್ಳಿಯವನಿಗೆ ಜಮೀನಿನ ತಕರಾರು ಬಂದರೆ, ಹೊಸಬರು ಊರಲ್ಲಿ ನೆಲೆಸಬೇಕಾದರೆ, ಮೊದಲು ಕಾಣಬೇಕಾದದ್ದು ಅಲ್ಕಾಲೊನನ್ನೇ.

ವೋಟು ಹಾಕುವ ರೀತಿ ಮಾತ್ರ ಜಗತ್ತಿನಲ್ಲಿ ಎಲ್ಲೂ ಕಾಣದಂಥದ್ದು. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚಿದ ಮೇಲೆ ಕೈಗೆ ಒಂದು ಗಾಜಿನ ಗೋಲಿ ಕೊಡುತ್ತಾರೆ. ಹೌದು, ಮಕ್ಕಳು ಆಡುವ ಗೋಲಿ. ಮರೆಯಲ್ಲಿ ತಗಡಿನ ಡ್ರಮ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ, ಅಭ್ಯರ್ಥಿಗೊಂದು. ಪ್ರತಿ ಡ್ರಮ್ಮಿಗೂ ಆಯಾ ಪಕ್ಷದ ಬಣ್ಣ ಬಳಿದು, ಅಭ್ಯರ್ಥಿಯ ಫೋಟೊ ಅಂಟಿಸಿರುತ್ತಾರೆ. ಮೇಲೆ ಸಣ್ಣ ಕೊಳವೆ. ಗೋಲಿಯನ್ನು ಅದರೊಳಗೆ ಬಿಟ್ಟರೆ ಒಳಗಿನ ಗಂಟೆಗೆ ತಗುಲಿ ಟಣ್ ಅನ್ನುತ್ತದೆ. ಹೊರಗೆ ಕೂತ ಅಧಿಕಾರಿ ಕಿವಿಗೊಟ್ಟು ಕೇಳುತ್ತಿರುತ್ತಾರೆ. ಒಂದು ಟಣ್ ಅಂದರೆ ಸರಿ, ಎರಡು ಬಂದರೆ ಯಾರೋ ಎರಡನೇ ಗೋಲಿ ಹಾಕಿದ್ದಾರೆ ಅಂತ. ಗೋಲಿ ತಳಕ್ಕೆ ಬಿದ್ದಾಗ ಮತ್ತೆ ಸದ್ದಾಗದಿರಲಿ ಎಂದು ಡ್ರಮ್ಮಿನ ಅಡಿಗೆ ಮರಳೋ ಮರದ ಹೊಟ್ಟೋ ಹಾಕಿರುತ್ತಾರೆ. ಸೈಕಲ್ ಬೆಲ್ಲಿನ ಸದ್ದೂ ಹಾಗೇ ಕೇಳಿಸುತ್ತದಲ್ಲ, ಅದಕ್ಕೆ ಮತಗಟ್ಟೆ ಹತ್ತಿರ ಸೈಕಲ್ ಬಿಡುವುದಿಲ್ಲ. ಎಣಿಸುವಾಗ ಗೋಲಿಗಳನ್ನು 200 ಇಲ್ಲವೇ 500 ಗುಂಡಿಗಳಿರುವ ಹಲಗೆಗೆ ಸುರಿದು ಸಮ ಮಾಡುತ್ತಾರೆ. ಹಲಗೆ ತುಂಬಿದರೆ ಇಷ್ಟು ವೋಟು ಎಂದು ಅಲ್ಲಿದ್ದವರಿಗೆಲ್ಲ ಕಣ್ಣಿಗೆ ಕಾಣುತ್ತದೆ. ಓದು ಬರಹ ಬಾರದವರೇ ಜಾಸ್ತಿ ಇದ್ದ 1960ರ ದಶಕದಲ್ಲಿ ಬಂದ ಪದ್ಧತಿ ಇದು. ಡ್ರಮ್ ಸಾಗಿಸುವುದು ದೊಡ್ಡ ರಗಳೆ, ಅಭ್ಯರ್ಥಿಗಳು ಹೆಚ್ಚಾದಷ್ಟೂ ಡ್ರಮ್ ಹೆಚ್ಚು, ಹಾಗಾಗಿ ಕಾಗದಕ್ಕೆ ಬದಲಾಗಬೇಕು ಅನ್ನುವ ಮಾತು ಇದ್ದೇ ಇದೆ. 2021ರ ಅಧ್ಯಕ್ಷೀಯ ಚುನಾವಣೆಯೂ ಗೋಲಿಯಲ್ಲೇ ನಡೆಯಿತು.

ಗೋಲಿ ಇದ್ದ ಮಾತ್ರಕ್ಕೆ ಸರ್ಕಾರ ಬದಲಾಗುತ್ತದೆ ಅಂತಲ್ಲ. 1965ರ ಫೆಬ್ರವರಿ 18ಕ್ಕೆ ಸ್ವಾತಂತ್ರ್ಯ ಬಂತು, 1970ರಲ್ಲಿ ಗಣರಾಜ್ಯವಾಯಿತು. ಮೊದಲ ಪ್ರಧಾನಿ, ಆಮೇಲೆ ಮೊದಲ ಅಧ್ಯಕ್ಷ ದಾವ್ದಾ ಜವಾರಾ. ವೃತ್ತಿಯಲ್ಲಿ ಪಶುವೈದ್ಯರು. ಚುನಾವಣೆಗಳು ನಡೆದವು, ವಿರೋಧ ಪಕ್ಷ ಇತ್ತು, ಪತ್ರಿಕೆ ಇತ್ತು. ಆದರೆ ಗೆದ್ದದ್ದು ಪ್ರತಿ ಸಲವೂ ಅವರೇ. 1981ರ ಜುಲೈಯಲ್ಲಿ ಅವರು ಚಾರ್ಲ್ಸ್ ಮತ್ತು ಡಯಾನಾ ಮದುವೆಗೆಂದು ಲಂಡನ್‌ಗೆ ಹೋದಾಗ ಇತ್ತ ದಂಗೆ ಎದ್ದಿತು. ಜವಾರಾ ಸೆನೆಗಲ್‌ನ ಸಹಾಯ ಕೇಳಿದರು, ಸೆನೆಗಲ್ ಸೈನ್ಯ ಬಂದು ದಂಗೆ ಅಡಗಿಸಿತು, ನೂರಾರು ಜನ ಸತ್ತರು. ಆ ಋಣದ ಮೇಲೆ 1982ರಲ್ಲಿ ಎರಡೂ ದೇಶ ಸೇರಿ ಸೆನೆಗಾಂಬಿಯಾ ಒಕ್ಕೂಟ ಮಾಡಿಕೊಂಡವು. ಒಂದೇ ಜನ, ಒಂದೇ ಭೂಮಿ, ಒಂದಾಗುವುದು ಸಹಜವೇ ಅಂತ ಅನ್ನಿಸಬಹುದು. ಏಳು ವರ್ಷಕ್ಕೇ ಮುರಿದುಬಿತ್ತು. ಹಣ, ಸುಂಕ ಎಲ್ಲ ಒಂದಾದರೆ ಗ್ಯಾಂಬಿಯಾದ ಆ ದಾಟಿಸುವ ವ್ಯಾಪಾರಕ್ಕೆ ಏಟು ಬೀಳುತ್ತಿತ್ತು, ಜೊತೆಗೆ ದೊಡ್ಡದು ಸಣ್ಣದನ್ನು ನುಂಗುತ್ತದೆ ಎಂಬ ಭಯ. 1889ರಲ್ಲಿ ಯಾರೋ ಎಳೆದ ಗೆರೆಯನ್ನು ನೂರು ವರ್ಷ ಕಳೆಯುವ ಹೊತ್ತಿಗೆ ಅಲ್ಲಿಯವರೇ ಕಾಪಾಡಿಕೊಳ್ಳುವ ಹಾಗಾಗಿತ್ತು.

1994ರ ಜುಲೈ 22ರಂದು ಯಾಹ್ಯಾ ಜಮ್ಮೆ ಎಂಬ 29 ವರ್ಷದ ಲೆಫ್ಟಿನೆಂಟ್ ಅಧಿಕಾರ ಹಿಡಿದರು. 22 ವರ್ಷ ಬಿಡಲಿಲ್ಲ. ಈ ಅವಧಿಯ ಬಗ್ಗೆ ಹೊರಗಿನ ಪತ್ರಿಕೆಗಳು ತಮಾಷೆಯಾಗಿ ಬರೆದದ್ದೇ ಜಾಸ್ತಿ. ಏಡ್ಸ್‌ಗೆ ಗಿಡಮೂಲಿಕೆಯಿಂದ ಮದ್ದು ಕಂಡುಹಿಡಿದಿದ್ದೇನೆ ಎಂದು 2007ರಲ್ಲಿ ಹೇಳಿದ್ದು, 2013ರಲ್ಲಿ ಕಾಮನ್‌ವೆಲ್ತ್ ಬಿಟ್ಟದ್ದು, 2015ರಲ್ಲಿ ದೇಶವನ್ನು ಇಸ್ಲಾಮಿಕ್ ಗಣರಾಜ್ಯ ಎಂದು ಸಾರಿದ್ದು. ಒಳಗಿದ್ದವರಿಗೆ ಅದು ನಗುವ ವಿಷಯ ಆಗಿರಲಿಲ್ಲ. ಆ ಮದ್ದಿಗಾಗಿ ರೋಗಿಗಳ ನಿಜವಾದ ಔಷಧಿ ನಿಲ್ಲಿಸಿದರು, ಜನ ಸತ್ತರು. 2000ದ ಏಪ್ರಿಲ್‌ನಲ್ಲಿ ಪ್ರತಿಭಟನೆ ಮಾಡಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದರು. 2004ರಲ್ಲಿ ಪತ್ರಕರ್ತ ದೇದಾ ಹೈದಾರಾ ಕೊಲೆಯಾದರು. 2009ರಲ್ಲಿ ಮಾಟಗಾತಿ ಬೇಟೆ ಎಂದು ಹಳ್ಳಿಯ ಮುದುಕ ಮುದುಕಿಯರನ್ನು ಹಿಡಿದೊಯ್ದು ಏನೋ ಕಷಾಯ ಕುಡಿಸಿದರು.

2016ರ ಡಿಸೆಂಬರ್ 1ರ ಚುನಾವಣೆಯಲ್ಲಿ ವಿರೋಧ ಪಕ್ಷಗಳು ಒಟ್ಟಾಗಿ ಅದಾಮ ಬ್ಯಾರೊ ಅವರನ್ನು ನಿಲ್ಲಿಸಿದವು. ದೊಡ್ಡ ನಾಯಕರು ಜೈಲಲ್ಲಿದ್ದರು. ಬ್ಯಾರೊ ಜಮೀನು ವ್ಯವಹಾರ ಮಾಡುತ್ತಿದ್ದವರು, ಹಿಂದೆ ಲಂಡನ್ನಿನ ಅಂಗಡಿಯೊಂದರಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದವರು. ವೋಟಿನ ದಿನ ಇಂಟರ್ನೆಟ್ ಬಂದ್, ವಿದೇಶಿ ಕರೆ ಬಂದ್. ಆದರೆ ಆ ಸಲ ಗೋಲಿಗಳನ್ನು ಬೇರೆಡೆಗೆ ಸಾಗಿಸದೆ ಮತಗಟ್ಟೆಯಲ್ಲೇ ಎಣಿಸಿದರು. ಎಲ್ಲರೆದುರು ತುಂಬಿದ ಹಲಗೆಯನ್ನು ದಾರಿಯಲ್ಲಿ ತಿರುಚುವುದು ಕಷ್ಟ. ಬ್ಯಾರೊಗೆ ಶೇ 43.3, ಜಮ್ಮೆಗೆ ಶೇ 39.6. ಜಮ್ಮೆ ಟಿವಿಯಲ್ಲಿ ಬಂದು, ನಗುತ್ತಾ ಬ್ಯಾರೊಗೆ ಫೋನ್ ಮಾಡಿ ಸೋಲು ಒಪ್ಪಿದರು. ಇಡೀ ದೇಶ ಬೀದಿಗಿಳಿದು ಕುಣಿಯಿತು. ಒಂದು ವಾರಕ್ಕೆ ಮನಸ್ಸು ಬದಲಾಯಿತು, ಫಲಿತಾಂಶ ಒಪ್ಪುವುದಿಲ್ಲ, ಸುಪ್ರೀಂ ಕೋರ್ಟ್‌ಗೆ ಹೋಗುತ್ತೇನೆ ಅಂದರು. ಕೋರ್ಟಿನಲ್ಲಿ ಕೇಸು ಕೇಳುವಷ್ಟು ನ್ಯಾಯಾಧೀಶರೇ ಇರಲಿಲ್ಲ! ನೈಜೀರಿಯಾ, ಸಿಯೆರಾ ಲಿಯೋನ್‌ನಿಂದ ಬರಬೇಕಿತ್ತು, ಅವರು ಬರಲಿಲ್ಲ.

ಇಲ್ಲಿ ಮತ್ತೆ ಭೂಗೋಳ ಕೆಲಸಕ್ಕೆ ಬಂತು. ಬ್ಯಾರೊ ಸೆನೆಗಲ್‌ಗೆ ಹೋದರು. 2017ರ ಜನವರಿ 19ರಂದು ಡಕಾರ್‌ನ ಗ್ಯಾಂಬಿಯಾ ರಾಯಭಾರ ಕಚೇರಿಯ ಸಣ್ಣ ಕೋಣೆಯಲ್ಲಿ ಪ್ರಮಾಣವಚನ ಮಾಡಿದರು. ರಾಯಭಾರ ಕಚೇರಿ ಅಂದರೆ ಕಾನೂನಿನ ಪ್ರಕಾರ ತಮ್ಮ ದೇಶದ ಜಾಗವೇ ಅನ್ನುವ ವಾದ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟವಾದ ಇಕೋವಾಸ್‌ನ ಸೈನ್ಯ ಅವತ್ತೇ ಗಡಿ ದಾಟಿತು, ಅದರಲ್ಲಿ ಸೆನೆಗಲ್‌ನವರೇ ಹೆಚ್ಚು. ಮೂರು ದಿಕ್ಕಿಗೂ ಒಬ್ಬನೇ ನೆರೆಯವನು, ಅವನೂ ವಿರುದ್ಧವಾಗಿ ನಿಂತರೆ ಓಡಿಹೋಗುವುದಕ್ಕೆ ಆಕಾಶವೊಂದೇ ದಾರಿ. ಗಿನಿ ಮತ್ತು ಮಾರಿಟೇನಿಯಾದ ಅಧ್ಯಕ್ಷರು ಬಂದು ರಾಜಿ ಮಾಡಿಸಿದರು. ಜನವರಿ 21ರ ರಾತ್ರಿ ಜಮ್ಮೆ ವಿಮಾನ ಹತ್ತಿ ಹೊರಟರು, ನೆಲೆಸಿದ್ದು ಈಕ್ವಟೋರಿಯಲ್ ಗಿನಿಯಲ್ಲಿ. ದೊಡ್ಡ ಕಾದಾಟವಿಲ್ಲದೆ ಮುಗಿಯಿತು.

ಆಮೇಲಿನದು ಅಷ್ಟು ಚೆಂದದ ಕಥೆ ಏನಲ್ಲ. ಮೂರೇ ವರ್ಷ ಇದ್ದು ಇಳಿಯುತ್ತೇನೆ ಎಂಬುದು ಮೈತ್ರಿಕೂಟದ ಒಪ್ಪಂದ, ಬ್ಯಾರೊ ಇಳಿಯಲಿಲ್ಲ. ಮೂರು ವರ್ಷ ಆಯಿತು ಇಳಿಯಿರಿ ಎಂದು ಬೀದಿಗೆ ಬಂದ ಚಳವಳಿಯನ್ನು 2020ರಲ್ಲಿ ನಿಷೇಧಿಸಿದರು. ಅದೇ ವರ್ಷ ಅಧ್ಯಕ್ಷರಿಗೆ ಎರಡೇ ಅವಧಿ ಎನ್ನುವ ಹೊಸ ಸಂವಿಧಾನದ ಕರಡು ಸಭೆಗೆ ಬಂತು. ಮುಕ್ಕಾಲು ಪಾಲು ಸದಸ್ಯರ ಒಪ್ಪಿಗೆ ಬೇಕಿತ್ತು, ಸಿಗಲಿಲ್ಲ. 2021ರಲ್ಲಿ ಬ್ಯಾರೊ ಶೇ 53 ವೋಟು ಪಡೆದು ಮತ್ತೆ ಗೆದ್ದರು. ಹಾಗೆಂದು ಏನೂ ಬದಲಾಗಿಲ್ಲ ಅನ್ನುವುದೂ ಅನ್ಯಾಯ. ಜನ ಬೈಯುತ್ತಾರೆ, ಪತ್ರಿಕೆಗಳು ಬರೆಯುತ್ತವೆ, ರಾತ್ರಿ ಬಾಗಿಲು ಬಡಿಯುವವರಿಲ್ಲ. 2019ರಲ್ಲಿ ರೋಹಿಂಗ್ಯಾ ಜನರ ಪರವಾಗಿ ಮ್ಯಾನ್ಮಾರ್ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದ್ದು ಇದೇ ಪುಟ್ಟ ದೇಶ. ಆಗಿನ ಕಾನೂನು ಸಚಿವ ಅಬೂಬಕರ್ ತಂಬಾದು ಹಿಂದೆ ರುವಾಂಡಾ ನರಮೇಧದ ವಿಚಾರಣೆಯಲ್ಲಿ ಕೆಲಸ ಮಾಡಿದ್ದವರು, ಬಾಂಗ್ಲಾದೇಶದ ನಿರಾಶ್ರಿತರ ಶಿಬಿರಕ್ಕೆ ಹೋಗಿ ಕಣ್ಣಾರೆ ಕಂಡು ಬಂದಿದ್ದರು.

ಬಡತನ ಹಾಗೇ ಇದೆ. ಹುಡುಗರು ಮರದ ಕೆಳಗೆ ಇದ್ದಿಲ ಒಲೆಯ ಮೇಲೆ ಅತ್ತಾಯಾ ಎಂಬ ಗ್ರೀನ್ ಟೀ ಕಾಯಿಸುತ್ತಾ, ಎತ್ತರದಿಂದ ಲೋಟಕ್ಕೆ ಸುರಿದು ನೊರೆ ಬರಿಸುತ್ತಾ, ಮೂರು ಸುತ್ತು ಕುಡಿಯುವುದರಲ್ಲಿ ಮಧ್ಯಾಹ್ನ ಕಳೆಯುತ್ತಾರೆ, ಕೆಲಸ ಇಲ್ಲ. ಸಹಾರಾ ಮರುಭೂಮಿ, ಲಿಬಿಯಾ ಮೂಲಕವೋ ಮೀನುಗಾರಿಕೆ ದೋಣಿಯಲ್ಲಿ ಕ್ಯಾನರಿ ದ್ವೀಪಕ್ಕೋ ಕಳ್ಳದಾರಿಯಲ್ಲಿ ಯುರೋಪ್ ಸೇರುವುದಕ್ಕೆ ಅವರು ಬ್ಯಾಕ್‌ವೇ ಅನ್ನುತ್ತಾರೆ. ಹೊರಗೆ ಹೋದವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗದಷ್ಟಿದೆ ಅಂದರೆ ಯಾಕೆ ಹೋಗುತ್ತಾರೆ ಎಂದು ಕೇಳಬೇಕಿಲ್ಲ. ಸರ್ಕಾರ ಎಷ್ಟು ಬಡವಾಗಿದೆ ಅನ್ನುವುದು 2022ರಲ್ಲಿ ತೀರಾ ಕ್ರೂರವಾಗಿ ಗೊತ್ತಾಯಿತು. ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ ಕುಡಿದ ಮಕ್ಕಳಿಗೆ ಕಿಡ್ನಿ ನಿಂತುಹೋಯಿತು, ಕನಿಷ್ಠ 66 ಮಕ್ಕಳು ತೀರಿಕೊಂಡರು. ಸಿರಪ್ ಪರೀಕ್ಷೆ ಮಾಡುವ ಲ್ಯಾಬ್ ಆಗ ಆ ದೇಶದಲ್ಲೇ ಇರಲಿಲ್ಲ, ಮಾದರಿಗಳನ್ನು ಹೊರಗೆ ಕಳಿಸಬೇಕಾಯಿತು. ವಿಷದ ರಾಸಾಯನಿಕ ಸಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ಪರೀಕ್ಷೆಯಲ್ಲಿ ಸಿಕ್ಕಿಲ್ಲ ಎಂದು ಭಾರತ ಸರ್ಕಾರ ಹೇಳಿತು, ಆದರೂ 2023ರ ಜೂನ್‌ನಿಂದ ರಫ್ತಿಗೆ ಮುಂಚೆ ಕೆಮ್ಮಿನ ಸಿರಪ್ ಪರೀಕ್ಷೆ ಕಡ್ಡಾಯ ಮಾಡಿತು.

ಜಮ್ಮೆ ಕಾಲದ ಅನ್ಯಾಯಗಳನ್ನು ವಿಚಾರಿಸಿದ ಸತ್ಯಶೋಧನಾ ಆಯೋಗ 2019ರಿಂದ ಎರಡು ವರ್ಷಕ್ಕೂ ಮೀರಿ ಸಾಕ್ಷಿಗಳನ್ನು ಕೇಳಿತು, ಎಲ್ಲ ನೇರ ಪ್ರಸಾರದಲ್ಲಿ. ಕೊಂದವರೇ ಕೂತು ಹೇಗೆ ಕೊಂದೆವು ಎಂದು ಹೇಳಿದ್ದನ್ನು ಜನ ಮನೆಯಲ್ಲಿ, ಟ್ಯಾಕ್ಸಿಯಲ್ಲಿ ಕೇಳಿದರು. ಜಮ್ಮೆ ಕಾಲದ ಅಪರಾಧಗಳಿಗಾಗಿ ಕೆಲವರಿಗೆ ಶಿಕ್ಷೆಯಾದದ್ದು ಹೊರದೇಶಗಳಲ್ಲಿ. ಒಬ್ಬನಿಗೆ ಜರ್ಮನಿಯಲ್ಲಿ 2023ರಲ್ಲಿ ಜೀವಾವಧಿ, ಜಮ್ಮೆಯ ಗೃಹಮಂತ್ರಿಯಾಗಿದ್ದ ಉಸ್ಮಾನ್ ಸೊಂಕೊಗೆ ಸ್ವಿಟ್ಜರ್ಲೆಂಡ್‌ನಲ್ಲಿ 2024ರಲ್ಲಿ 20 ವರ್ಷ. ಅದೇ ವರ್ಷ ಡಿಸೆಂಬರ್‌ನಲ್ಲಿ ಇಕೋವಾಸ್ ಗ್ಯಾಂಬಿಯಾಕ್ಕಾಗಿ ವಿಶೇಷ ನ್ಯಾಯಮಂಡಳಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಮೊದಲು ನಿಲ್ಲಬೇಕಾದವರು ಈಕ್ವಟೋರಿಯಲ್ ಗಿನಿಗೆ ಹೋಗಿ ಕೂತಿದ್ದಾರೆ, ಅಲ್ಲಿನ ಸರ್ಕಾರ ಅವರನ್ನು ಒಪ್ಪಿಸುತ್ತದೆಯೇ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.